ಏಳನೇ ಹಾಸಿಗೆಯ ಗೋಡೆ

ಮೇಸ್ತ್ರಿಯ ಹೆಂಡತಿ ಆಸ್ಪತ್ರೆಯ ಏಳನೇ ಹಾಸಿಗೆಗೆ ಬಂದು ಬಿದ್ದ ನಾಲ್ಕನೇ ದಿನ ಪಕ್ಕದ ಗೋಡೆಯ ಗುರುತು ಹಿಡಿದಳು.

ಮೊದಲ ಮೂರು ದಿನ ಉಸಿರಾಡುವುದೇ ಅವಳಿಗೆ ದುಡಿಮೆಯಾಗಿತ್ತು. ಒಂದೊಂದು ಉಸಿರನ್ನೂ ಆಳದ ಬಾವಿಯಿಂದ ಕೊಡ ಸೇದಿದ ಹಾಗೆ ಸೇದಬೇಕಿತ್ತು. ಕಣ್ಣು ತೆರೆದಿದ್ದರೂ ನೋಟ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಎದೆಯ ಏದುಸಿರು ಸ್ವಲ್ಪ ತಗ್ಗಿತು. ಅವಳು ತಲೆ ಹೊರಳಿಸಿದಳು. ಗೋಡೆಯ ಬಣ್ಣ ಬೆಂಕಿ ಬಿದ್ದ ಚರ್ಮದ ಹಾಗೆ ಬೊಬ್ಬೆ ಎದ್ದಿತ್ತು. ಎದ್ದದ್ದು ಚಕ್ಕೆಚಕ್ಕೆಯಾಗಿ ಕಳಚಿ ಅವಳ ಹೊದಿಕೆಯ ಮೇಲೆ, ದಿಂಬಿನ ಮೇಲೆ, ನೀರಿನ ಲೋಟದೊಳಗೆ ಬಿದ್ದಿತ್ತು. ಒಂದು ಚಕ್ಕೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಹಿಂದೆ ಮುಂದೆ ತಿರುಗಿಸಿದಳು. ಉಗುರಿನಿಂದ ಕೆರೆದಳು.

"ರೀ, ಇದು ನಮ್ಮ ಕೆಲಸ" ಅಂದಳು.

ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದ. ಬೆಚ್ಚಿ ಎದ್ದ. "ಸುಮ್ನಿರು. ಮಾತಾಡಿದ್ರೆ ಉಸಿರು ಕಟ್ಟುತ್ತೆ."

"ಸುಮ್ನಿರೋಕೆ ಮುಂದೆ ಬೇಕಾದಷ್ಟು ಟೈಮಿದೆ. ಇದನ್ನ ನೋಡಿ. ಹಿಂದೆ ಹಳೇ ಸುಣ್ಣ ಹಂಗೇ ಅಂಟ್ಕೊಂಡಿದೆ. ಕೆರೀದೆ ಬಳಿದಿದ್ದೀವಿ. ಮೇಲೆ ಆ ಮೂಲೆ ಗೆರೆ ನೋಡಿ. ಕೊನೇಲಿ ಒಂಚೂರು ಎಡಕ್ಕೆ ಎಳೆದು ಬಿಡೋ ಚಟ ಇನ್ಯಾರಿಗಿದೆ?"

ಮೇಸ್ತ್ರಿ ತಲೆಯೆತ್ತಿದ. ಛಾವಣಿಯೂ ಗೋಡೆಯೂ ಸೇರುವಲ್ಲಿ ಬ್ರಶ್ಶಿನ ಗೆರೆ ನೂಲು ಹಿಡಿದ ಹಾಗೆ ಬಂದು ಮೂಲೆಯಲ್ಲಿ ಎಡಕ್ಕೆ ಬಾಗಿತ್ತು. ಅವನದೇ ಕೈ. ತನ್ನ ಸಹಿಯನ್ನು ತಾನೇ ನೋಡಿದ ಹಾಗಾಯಿತು.

ಅವಳು ಬೆರಳು ಮಡಚಿ ಗೆಣ್ಣಿನಿಂದ ಗೋಡೆ ತಟ್ಟಿದಳು. ಟಕ್ ಟಕ್. ಒಂದು ಕಡೆ ಗಟ್ಟಿ. ಇನ್ನೊಂದು ಕಡೆ ಖಾಲಿ ಡಬ್ಬ ತಟ್ಟಿದ ಹಾಗೆ.

"ಕೇಳಿಸ್ತಾ? ಇಲ್ಲಿ ಗೋಡೆ ಸತ್ತಿದೆ. ಇದರ ಅಡೀಲಿ ನನ್ನ ಗುರುತಿದೆ. ಹದಿನೇಳು ಹಾಕಿದ್ದೆ. ಮರೆತ್ರಾ?"

ಮೇಸ್ತ್ರಿ ಮರೆತಿರಲಿಲ್ಲ. ಮರೆತಂತೆ ಬದುಕಿದ್ದ, ಅಷ್ಟೇ.

ಬಣ್ಣದವರ ಕೆಲಸ ಬಣ್ಣದಿಂದ ಶುರುವಾಗುವುದಿಲ್ಲ. ಮೊದಲು ಒಬ್ಬರು ಗೋಡೆಯ ಉದ್ದಕ್ಕೂ ತಟ್ಟುತ್ತಾ ಹೋಗಬೇಕು. ಗಾರೆ ಟೊಳ್ಳಾದ ಕಡೆ, ಬಿರುಕು ಬಿಟ್ಟ ಕಡೆ, ತೇವ ಕೂತ ಕಡೆ ಪೆನ್ಸಿಲಿನಲ್ಲಿ ಸುತ್ತು ಹಾಕಬೇಕು. ಹಿಂದೆ ಬರುವವರು ಸುತ್ತು ಹಾಕಿದ ಜಾಗವನ್ನು ಕೆರೆದು, ತಗ್ಗಿಗೆ ಪುಟ್ಟಿ ಮೆತ್ತಿ, ಉಪ್ಪುಕಾಗದ ಉಜ್ಜಿ, ಅಡಿಬಣ್ಣವಾಗಿ ಪ್ರೈಮರ್ ಹಚ್ಚಬೇಕು. ಬಣ್ಣ ಆಮೇಲಿನ ಮಾತು. ಮೇಸ್ತ್ರಿಯ ಗುಂಪಿನಲ್ಲಿ ತಟ್ಟುವ ಕೆಲಸ ಅವಳದು. ಅವಳ ಕಿವಿ ಅಷ್ಟು ಸೂಕ್ಷ್ಮ. ಸುತ್ತು ಹಾಕುವಾಗ ಕೆಳಗೆ ಒಂದು ಬೆರಳಗಲ ಕೂಡಿಸದೆ ಬಿಡುತ್ತಿದ್ದಳು. ಯಾಕೆ ಅಂದರೆ, "ಒಳಗಿನ ನೋವು ಹೊರಗೆ ಬರೋಕೆ ಬಾಗಿಲು ಬೇಡ್ವಾ?" ಅನ್ನುತ್ತಿದ್ದಳು. ಸುತ್ತು ನೋಡಿದರೆ ಸಾಕು, ಇದು ಅಕ್ಕನದು ಅಂತ ಗುಂಪಿನವರೆಲ್ಲ ಹೇಳುತ್ತಿದ್ದರು.

ಕೆರೆಯುವ ಕೆಲಸವೂ ಅವಳದೇ. ಇಪ್ಪತ್ತೆಂಟು ವರ್ಷ ಹಳೇ ಬಣ್ಣ ಕೆರೆದಳು. ಮುಖಕ್ಕೆ ಸೆರಗು ಸುತ್ತಿಕೊಂಡು ಕೆರೆದಳು. ಸೆರಗು ಧೂಳನ್ನು ತಡೆಯಲಿಲ್ಲ. ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, "ಇದು ಕಾಯಿಲೆ ಅಲ್ಲ, ಧೂಳು" ಅಂದಿದ್ದರು. ಊರಿನ ಗೋಡೆಗಳೆಲ್ಲ ಅವಳ ಎದೆಯೊಳಗೆ ಕೂತಿದ್ದವು.

ಹನ್ನೊಂದು ವರ್ಷದ ಹಿಂದೆ ಇದೇ ವಾರ್ಡು ಖಾಲಿ ಮಾಡಿಸಿ ಬಣ್ಣಕ್ಕೆ ಕೊಟ್ಟಿದ್ದರು. ಕೆಲಸ ಹಿಡಿದವನು ಕಂಟ್ರಾಕ್ಟರ್. ಮಾಡಿದವರು ಮೇಸ್ತ್ರಿಯ ಗುಂಪು. ಅವಳು ಈ ಒಂದು ಗೋಡೆಯಲ್ಲೇ ಹದಿನೇಳು ಸುತ್ತು ಹಾಕಿ ಕೆರೆಯಲು ತಗಡು ಎತ್ತಿಕೊಂಡಿದ್ದಳು. ಅಷ್ಟರಲ್ಲಿ ಕಂಟ್ರಾಕ್ಟರ್ ಬಂದ. ಬಿಳೀ ಬೂಟು. ಮೂಗಿಗೆ ಕರ್ಚೀಫು.

"ಇದೇನು, ಗೋಡೆ ಮೇಲೆ ಸೊನ್ನೆ ತಿದ್ದಿದ್ದೀರಾ?"

"ಸತ್ತ ಗಾರೆ ಸಾರ್. ಕೆರೆದು ಪುಟ್ಟಿ ಹಾಕಬೇಕು" ಅಂದ ಮೇಸ್ತ್ರಿ.

"ಮೂರು ದಿನದಲ್ಲಿ ವಾರ್ಡು ಕೊಡಬೇಕು. ಮುಚ್ಚು."

"ಮುಚ್ಚಿದ್ರೆ ಎದ್ದು ಬರುತ್ತೆ ಸಾರ್."

"ಬರಲಿ. ಎದ್ದಾಗ ಮತ್ತೆ ಟೆಂಡರ್ ಕರೀತಾರೆ. ಮತ್ತೆ ನಾವೇ ಹೊಡೀತೀವಿ. ಹೊಟ್ಟೆಗೆ ಬೇಡ್ವಾ ನಿಂಗೆ?"

ಅವಳು ತಗಡು ಕೆಳಗಿಡಲಿಲ್ಲ. "ಗೋಡೆಗೆ ಬಳಿದ ಹಾಗೆ ದೇವರ ಕಣ್ಣಿಗೂ ಬಳೀತೀರಾ ಸಾರ್? ಇಲ್ಲಿ ರೋಗದವರು ಮಲಗ್ತಾರೆ" ಅಂದಳು.

ಕಂಟ್ರಾಕ್ಟರ್ ಜೋರಾಗಿ ನಕ್ಕ. "ಮೇಸ್ತ್ರಿ, ನಿನ್ನ ಹೆಂಡ್ತಿ ಬಾಯಿಗೂ ಒಂದು ಕೋಟ್ ಹೊಡಿಯೋ!"

ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ.

ಆ ನಗೆಯನ್ನು ಅವನು ಇವತ್ತಿಗೂ ನುಂಗಲಾರದೆ ಉಗುಳಲಾರದೆ ಇದ್ದಾನೆ. ಅವಳು ತಗಡನ್ನು ಒರೆಸಿ ಚೀಲಕ್ಕೆ ಹಾಕಿದಳು. ನೀರು ಬೆರೆಸಿದ ಬಣ್ಣವನ್ನು ರೋಲರಿನಲ್ಲಿ ಅದ್ದಿ ತನ್ನ ಹದಿನೇಳು ಸುತ್ತುಗಳ ಮೇಲೆ ತಾನೇ ಎಳೆದಳು.

ಅದೇ ವರ್ಷ ಕಂಟ್ರಾಕ್ಟರ್ ಮೇಸ್ತ್ರಿಯ ಮುಂದೆ ಕರಾರಿನ ಕಾಗದ ಇಟ್ಟ. ವರ್ಷವಿಡೀ ಕೆಲಸ ಕೊಡುತ್ತೇನೆ ಅಂದ. ಕಾಗದದಲ್ಲಿ ಬರೆದದ್ದು ಇಷ್ಟು: ಕಂಟ್ರಾಕ್ಟರ್ ಕೆಲಸ ಮಾಡಿಸಿದ ಯಾವ ಜಾಗಕ್ಕೂ ಮೇಸ್ತ್ರಿ ತನ್ನ ಹೆಸರಿನಲ್ಲಿ ದರ ಹೇಳಕೂಡದು. ಹೇಳಿದರೆ ಅಂದಿನಿಂದ ಕೆಲಸ ಬಂದ್. ಕೋರ್ಟು ಬೇರೆ. "ಓದ್ಕೋತೀನಿ ಸಾರ್" ಅಂದದ್ದಕ್ಕೆ, "ಯಾಕೆ, ನಂಬಿಕೆ ಇಲ್ವಾ?" ಅಂತ ಪೆನ್ನು ಚಾಚಿದ. ಮೇಸ್ತ್ರಿ ಸಹಿ ಮಾಡಿದ. ಹನ್ನೊಂದು ವರ್ಷದಲ್ಲಿ ಕಂಟ್ರಾಕ್ಟರ್ ಹಿಡಿಯದ ಜಾಗ ಊರಿನಲ್ಲಿ ಉಳಿಯಲಿಲ್ಲ. ಶಾಲೆ, ಕಚೇರಿ, ನಿಲ್ದಾಣ, ಆಸ್ಪತ್ರೆ. ಮೇಸ್ತ್ರಿಯ ಕೈ ಸವರದ ಗೋಡೆ ಇರಲಿಲ್ಲ. ಅವನು ಸವರಿದ ಗೋಡೆಗಳೇ ಅವನಿಗೆ ಮುಚ್ಚಿದ ಬಾಗಿಲುಗಳಾದವು.

ಇನ್ನೊಂದು ಕಾಗದವೂ ಇತ್ತು. ಟೆಂಡರಿಗೆ ಕಡೇಪಕ್ಷ ಮೂರು ಕವರು ಬೀಳಬೇಕು ಅನ್ನುವುದು ನಿಯಮ. ಕಂಟ್ರಾಕ್ಟರ್ ಮೇಸ್ತ್ರಿಯ ಹೆಸರಿನಲ್ಲಿ ಒಂದು ಕಂಪನಿ ಮಾಡಿ, ಬಣ್ಣದ ಅಕ್ಷರದ ಲೆಟರ್‌ಹೆಡ್ ಅಚ್ಚು ಹಾಕಿಸಿ, ಸೀಲು ಕೆತ್ತಿಸಿದ. ಸೀಲು ಅವನ ಡ್ರಾಯರಿನಲ್ಲೇ ಇತ್ತು. ವರ್ಷಕ್ಕೊಮ್ಮೆ ಇಪ್ಪತ್ತು ಖಾಲಿ ಹಾಳೆಯ ಅಡಿಯಲ್ಲಿ ಮೇಸ್ತ್ರಿ ಸಹಿ ಹಾಕಿ ಕೊಡುತ್ತಿದ್ದ. ಬೇಕಾದಾಗ ಕಂಟ್ರಾಕ್ಟರ್ ಅದರಲ್ಲಿ ತನ್ನದಕ್ಕಿಂತ ಹೆಚ್ಚಿನ ದರ ಟೈಪು ಮಾಡಿಸಿ ಕವರಿಗೆ ಹಾಕುತ್ತಿದ್ದ. ಸೋಲುವುದಕ್ಕೆಂದೇ ಬರೆದ ದರ. ಇಂಥದೇ ಇನ್ನೊಬ್ಬ ಮೇಸ್ತ್ರಿಯದು ಮೂರನೇ ಕವರು. ಒಂದೇ ಮೇಜಿನ ಮೇಲೆ ಮೂರು ಕವರು ಅಂಟಿಸಿ ಒಬ್ಬನೇ ಗೆಲ್ಲುತ್ತಿದ್ದ.

ಮೊದಲ ಸಲ ಮೇಸ್ತ್ರಿಗೆ ಹಿಗ್ಗೇ ಆಗಿತ್ತು. ಒಂದು ಹಾಳೆ ಮನೆಗೆ ತಂದು ಹೆಂಡತಿಗೆ ತೋರಿಸಿದ್ದ. ಅವಳು ಓದಬಲ್ಲವಳು. ಕೈ ತೊಳೆದು ಬಂದು ಹಾಳೆಯನ್ನು ಮುಟ್ಟಿ ನೋಡಿದಳು.

"ಚೆನ್ನಾಗಿದೆ. ಹೆಸರು ನಿಮ್ಮದು, ರೇಟು ಅವರದು. ಸೋಲೋದಕ್ಕೆ ಮಾತ್ರ ನೀವು."

ಈಗ ಆ ಏಳನೇ ಹಾಸಿಗೆಯಲ್ಲಿ ಮಲಗಿ ಅವಳು ಹಳೆಯದೇನನ್ನೂ ಕೆದಕಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಹದಿಮೂರನೇ ದಿನ ಮಧ್ಯಾಹ್ನ ಉಸಿರು ಮತ್ತೆ ಹಿಡಿಯಿತು. ನರ್ಸು ಬಂದು ನೋಡಿ ತಲೆ ತಗ್ಗಿಸಿಕೊಂಡು ಹೋದಳು. ಹೆಂಡತಿಯ ಎದೆಯ ಮೇಲೆ ಒಂದು ದೊಡ್ಡ ಚಕ್ಕೆ ಬಿದ್ದಿತ್ತು. ಮೇಸ್ತ್ರಿ ಅದನ್ನು ಎತ್ತಿಹಾಕಲು ಕೈ ಚಾಚಿದ. ಅವಳು ಅವನ ಕೈ ಹಿಡಿದಳು.

"ರೀ. ಈ ಗೋಡೇನ ಒಂದ್ಸಲ ಕೆರೆದು ಮಾಡಿ. ಹದಿನೇಳೂ. ನನ್ನ ಮೇಲೆ ಬಿದ್ದಿದ್ದು ಸರಿ, ನಾನೇ ಬಳಿದದ್ದು. ಇನ್ನೊಬ್ಬರ ಮೇಲೆ ಯಾಕೆ ಬೀಳಬೇಕು?"

"ಮಾಡ್ತೀನಿ."

"ನಗಬೇಡಿ ಮತ್ತೆ."

ಅಷ್ಟೇ ಅಂದಳು. ಹನ್ನೊಂದು ವರ್ಷದಲ್ಲಿ ಆ ನಗೆಯ ಮಾತು ಎತ್ತಿದ್ದು ಅದೊಂದೇ ಸಲ. ಸಂಜೆಯ ದೀಪ ಹಚ್ಚುವ ಮೊದಲೇ ಹೋಗಿಬಿಟ್ಟಳು.

ಎರಡು ತಿಂಗಳು ಕಳೆದ ಮೇಲೆ ಆಸ್ಪತ್ರೆಯ ಗೇಟಿನ ಪಕ್ಕ ನೋಟೀಸು ಅಂಟಿಸಿದರು. ಆ ವಾರ್ಡಿಗೆ ಬಣ್ಣ ಹೊಡೆಯಬೇಕು, ದರ ಕಳಿಸಿ. ಮೇಸ್ತ್ರಿ ಅದನ್ನು ಮೂರು ಸಲ ಓದಿದ. ದೇವರು ಇದ್ದಾನೆ ಅಂತ ಅವನಿಗೆ ಗೊತ್ತಿತ್ತು. ನೋಟೀಸು ಬೋರ್ಡಿನಲ್ಲೂ ಇದ್ದಾನೆ ಅಂತ ಅವತ್ತು ತಿಳಿಯಿತು.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಭಾಮೈದನಿಗೆ ಹೇಳಿದ. ಹೆಂಡತಿಯ ತಮ್ಮ. ಉದ್ದಕ್ಕೆ ಬಡಕಲಾಗಿ ಇದ್ದುದರಿಂದ ಗುಂಪಿನವರೆಲ್ಲ ಅವನನ್ನು ಏಣಿ ಅನ್ನುತ್ತಿದ್ದರು. ಇಬ್ಬರೂ ಬಣ್ಣದ ಬಕೆಟ್ಟುಗಳನ್ನು ಬೋರಲು ಹಾಕಿ ಕೂತಿದ್ದರು.

"ಆ ವಾರ್ಡಿಗೆ ನಾನೇ ರೇಟು ಹಾಕ್ತೀನಿ."

ಏಣಿ ನಕ್ಕ. "ನಿಮ್ಮ ಕಂಪನಿ ಆಫೀಸು ಎಲ್ಲಿ ಭಾವ? ಈ ಬಕೆಟ್ ಮೇಲಾ?" ಆಮೇಲೆ ಮುಖ ನೋಡಿ ನಗು ನಿಲ್ಲಿಸಿದ. "ಕಾಗದ ಮರೆತ್ರಾ? ಒಂದು ಫೋನು ಸಾಕು. ನಾಳೆಯಿಂದ ನಮಗ್ಯಾರೂ ಬ್ರಶ್ಶು ಮುಟ್ಟೋಕೂ ಬಿಡಲ್ಲ."

"ನಿಮ್ಮಕ್ಕಂಗೆ ಮಾತು ಕೊಟ್ಟಿದ್ದೀನಿ."

"ಅಕ್ಕ ಹೋದ್ಲು ಭಾವ. ನನ್ನ ಮೂರು ಮಕ್ಕಳು ಹೋಗಿಲ್ಲ."

ಏಣಿ ಹೇಳಿದ್ದು ಸುಳ್ಳಾಗಿರಲಿಲ್ಲ. ಮೇಸ್ತ್ರಿ ಕೈಗೆ ಮೆತ್ತಿದ ಬಣ್ಣವನ್ನು ಉಜ್ಜುತ್ತಾ ಕೂತ. ಬಣ್ಣ ಹೋಗಲಿಲ್ಲ.

ಮೋಸದಿಂದ ಮಾಡಬಾರದು ಅಂತ ಅವನು ಮೊದಲು ಕಂಟ್ರಾಕ್ಟರನ ಆಫೀಸಿಗೇ ಹೋದ. ಒಗೆದ ಅಂಗಿ ಹಾಕಿದ್ದ. ಹೆಂಡತಿ ಮಡಿಚಿಟ್ಟು ಹೋದದ್ದು. ಆದರೂ ಅವನು ಒಳಗೆ ಬಂದ ಕೂಡಲೇ ಗುಮಾಸ್ತೆ ಎಂದಿನ ಹಾಗೆ ಹಳೇ ಪೇಪರ್ ತಂದು ಕುರ್ಚಿಯ ಮೇಲೆ ಹಾಸಿದಳು. ಬಣ್ಣದವರು ಬಂದರೆ ಪೇಪರ್ ಹಾಸುವುದು ಆ ಆಫೀಸಿನ ರೂಢಿ. ಹನ್ನೊಂದು ವರ್ಷ ಅವನು ಪೇಪರಿನ ಮೇಲೆಯೇ ಕೂತಿದ್ದ. ಕುರ್ಚಿಯ ಬಟ್ಟೆ ಹೇಗಿದೆ ಅಂತ ಅವನ ಮೈಗೆ ಗೊತ್ತಿರಲಿಲ್ಲ.

ಅವತ್ತು ಕೂರಲಿಲ್ಲ. ನಿಂತೇ ಹೇಳಿದ.

"ಸಾರ್, ಆ ವಾರ್ಡು ಒಂದು ನಂಗೆ ಬಿಟ್ಟುಕೊಡಿ. ನನ್ನ ಹೆಸರಲ್ಲೇ ಹಾಕ್ತೀನಿ. ಒಂದೇ ಒಂದು. ಆಮೇಲೆ ಜೀವಮಾನ ನಿಮ್ಮ ಕೆಲಸವೇ ಮಾಡ್ತೀನಿ."

ಕಂಟ್ರಾಕ್ಟರನ ಮುಖ ಮರುಕದಿಂದ ತುಂಬಿತು. ಮರುಕ ತೋರಿಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. "ಪಾಪ, ಒಳ್ಳೆ ಹೆಣ್ಣುಮಗಳು. ಬಾಯಿ ಮಾತ್ರ ಸ್ವಲ್ಪ ಜಾಸ್ತಿ. ನೋಡು ಮೇಸ್ತ್ರಿ, ಬಿಟ್ಟುಕೊಡೋದೇನು ಬಂತು? ಕೆಲಸ ನಾನು ಹಿಡೀತೀನಿ, ನೀನೇ ಮಾಡು. ನಿನ್ನ ಕೈಯಿಂದಲೇ ಆಗಲಿ."

"ಕೆರೆಯೋಕೆ ಬಿಡ್ತೀರಾ?"

"ಏನು?"

"ಹಳೇದೆಲ್ಲಾ ಕೆರೆದು, ಗಾರೆ ಬಿಡಿಸಿ, ಪುಟ್ಟಿ, ಪ್ರೈಮರ್, ಎರಡು ಕೋಟ್. ನೀರು ಬೆರೆಸದೆ."

"ಹಾಗೆ ಮಾಡಿದ್ರೆ ಇಪ್ಪತ್ತು ವರ್ಷ ಆ ಗೋಡೆ ಏಳಲ್ಲ. ಆಮೇಲೆ ನಾವೇನು ಮಾಡೋಣ? ನಿನ್ನ ಗೋಡೆ ಭಕ್ತಿ ನಂಗೆ ಅರ್ಥ ಆಗುತ್ತೆ, ಆದರೆ..." ಕೈ ಬಿಚ್ಚಿ ತೋರಿಸಿದ. "ಕೂತ್ಕೋ, ಪೇಪರ್ ಹಾಸಿದ್ದಾಳೆ."

"ಬೇಡ ಸಾರ್."

"ಮತ್ತೆ?"

"ರೇಟು ಹಾಕ್ತೀನಿ ಅಂತ ಹೇಳಿ ಹೋಗೋಕೆ ಬಂದೆ. ಕದ್ದು ಹಾಕಬಾರದಲ್ಲ."

ಕಂಟ್ರಾಕ್ಟರ್ ಸಿಟ್ಟು ಮಾಡಲಿಲ್ಲ. ಡ್ರಾಯರಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಟ್ಟಿದ. "ಹಾಕು, ಹಾಕು. ದೇವರು ಒಳ್ಳೇದು ಮಾಡಲಿ" ಅಂದ.

ಅವನು ಡ್ರಾಯರನ್ನು ಯಾಕೆ ತಟ್ಟಿದ ಅಂತ ಮೇಸ್ತ್ರಿಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಆದರೆ ಮಾತನ್ನು ಮಾತು ಅಂತಲೇ ನಂಬಿ ಬದುಕಿದವನು ಅವನು.

ಆ ವಾರ್ಡಿನ ಅಳತೆ ಅವನಿಗೆ ಬಾಯಿಪಾಠ. ಬಿಳೀ ಹಾಳೆಯ ಮೇಲೆ ಕೈಯಾರೆ ಬರೆದ. ಕೆರೆಯುವುದು ಇಷ್ಟು, ತುಂಬುವುದು ಇಷ್ಟು, ಹಚ್ಚುವುದು ಇಷ್ಟು. ನಡುವೆ ತಿನ್ನುವವರು ಇಲ್ಲದ್ದರಿಂದ, ಸರಿಯಾಗಿ ಮಾಡುವ ಕೆಲಸದ ದರವೇ ಮೋಸದ ಕೆಲಸದ ದರಕ್ಕಿಂತ ಕಡಿಮೆ ಬಂತು. ಅವನು ಬೆರಗಾದ. ಇಷ್ಟು ವರ್ಷ ಊರಿನ ಗೋಡೆಗಳಿಗೆ ಕೆಟ್ಟ ಬಣ್ಣವೇ ದುಬಾರಿಗೆ ಬಿದ್ದಿತ್ತು. ಕೆಳಗೆ ಸಹಿ ಹಾಕಿ, ಕವರು ಅಂಟಿಸಿ, ದೇವರ ಮುಂದೆ ಒಂದು ಗಳಿಗೆ ಇಟ್ಟು, ತಾನೇ ಒಯ್ದು ಆಸ್ಪತ್ರೆಯ ಪೆಟ್ಟಿಗೆಗೆ ಹಾಕಿ ಬಂದ.

ಕವರು ಬಿಚ್ಚುವ ದಿನ ಆಸ್ಪತ್ರೆಯ ಆಫೀಸಿನಲ್ಲಿ ಉದ್ದನೆಯ ಮೇಜು. ಒಂದು ತುದಿಯಲ್ಲಿ ಅಧಿಕಾರಿ. ಪಕ್ಕದಲ್ಲಿ ಗುಮಾಸ್ತ. ಕಂಟ್ರಾಕ್ಟರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಇನ್ನೊಬ್ಬ ಮೇಸ್ತ್ರಿ, ಮೂರನೇ ಕವರಿನವನು, ನೆಲ ನೋಡುತ್ತಾ ನಿಂತಿದ್ದ. ಅವನಿಗೂ ಅಂಥದೇ ಕರಾರಿನ ಕಾಗದವಿತ್ತು.

ಗುಮಾಸ್ತ ಕವರು ಎಣಿಸಿದ. ನಾಲ್ಕು.

ಮೇಸ್ತ್ರಿ ದರ ಹಾಕಿದವರನ್ನು ಎಣಿಸಿದ. ಮೂವರೇ ಇದ್ದೇವಲ್ಲ ಅಂದುಕೊಂಡ.

ಮೊದಲನೆಯದು ಕಂಟ್ರಾಕ್ಟರನದು. ಎರಡನೆಯದು ನೆಲ ನೋಡುತ್ತಿದ್ದವನದು, ಅದಕ್ಕಿಂತ ಹೆಚ್ಚು. ಮೂರನೆಯದು ಬಿಳೀ ಹಾಳೆಯ ಕೈಬರಹ. ಅಧಿಕಾರಿ ಓದಿ ಹುಬ್ಬೇರಿಸಿದರು. "ಇದು ಎಲ್ಲಕ್ಕಿಂತ ಕಡಿಮೆ. ಕೆರೆಯೋದು, ಪ್ರೈಮರ್, ಎಲ್ಲಾ ಸೇರಿಸಿ! ಯಾರು ಇವರು?"

"ನಾನು ಸ್ವಾಮಿ." ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದ. ಆ ಒಂದು ಹೆಜ್ಜೆಯಷ್ಟು ಹೊತ್ತು ಅವನು ಗೆದ್ದಿದ್ದ.

ಗುಮಾಸ್ತ ನಾಲ್ಕನೆಯದನ್ನು ಬಿಚ್ಚಿದ. ಬಣ್ಣದ ಅಕ್ಷರದ ಲೆಟರ್‌ಹೆಡ್. ದುಂಡನೆಯ ಸೀಲು. ಟೈಪು ಮಾಡಿದ ದರ, ಎಲ್ಲಕ್ಕಿಂತ ಹೆಚ್ಚು. ಕೆಳಗೆ ಮೇಸ್ತ್ರಿಯ ಸಹಿ.

ಅಧಿಕಾರಿ ಎರಡು ಹಾಳೆಯನ್ನೂ ಅಕ್ಕಪಕ್ಕ ಇಟ್ಟರು. "ಎರಡೂ ನಿಮ್ಮದೇ ಹೆಸರು. ಒಂದೇ ಕೆಲಸಕ್ಕೆ ಎರಡು ರೇಟು ಹಾಕಿದ್ರೆ ಎರಡೂ ರದ್ದು. ನಿಯಮ ಗೊತ್ತಿಲ್ವಾ? ಇದು ನಿಮ್ಮ ಸಹಿಯೇ?"

ಅಲ್ಲ ಅಂದುಬಿಟ್ಟಿದ್ದರೆ ಏನಾಗುತ್ತಿತ್ತೋ. ಏಣಿ ಆಮೇಲೆ ಎಷ್ಟೋ ಸಲ ಕೇಳಿದ: ಅಲ್ಲ ಅಂತ ಒಂದು ಮಾತು ಬರಲಿಲ್ವಾ ಭಾವ? ಮೇಸ್ತ್ರಿ ಆ ಹಾಳೆಯನ್ನು ನೋಡಿದ. ಅದೇ ಸಹಿ, ಕೊನೆಯಲ್ಲಿ ಒಂದು ಚೂರು ಎಡಕ್ಕೆ ಎಳೆದದ್ದು.

"ಸಹಿ ನಂದೇ ಸ್ವಾಮಿ. ರೇಟು ನಂದಲ್ಲ."

"ಹಾಗಂದ್ರೆ?"

"ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟಿದ್ದೆ. ವರ್ಷಕ್ಕೆ ಇಪ್ಪತ್ತು. ಹನ್ನೊಂದು ವರ್ಷ. ನೀವು ಇಲ್ಲಿ ಬಿಚ್ಚಿದ ಮೂರೂ ಕವರು ಯಾವಾಗಲೂ ಒಬ್ಬರದೇ. ನಾವು ಬರೀ ಹೆಸರು. ಇಲ್ಲಿ ನಿಂತಿದ್ದಾನಲ್ಲ, ಇವನನ್ನೂ ಕೇಳಿ."

ನೆಲ ನೋಡುತ್ತಿದ್ದವನು ನೆಲವನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಯಿತು.

ಕಂಟ್ರಾಕ್ಟರ್ ಮೇಲೆದ್ದ. ಜೇಬಿನಿಂದ ಕರಾರಿನ ಕಾಗದ ತೆಗೆದು ಮೇಜಿನ ಮೇಲೆ ಇಟ್ಟ. "ಸಾರ್, ಹೆಂಡತಿ ಹೋದಮೇಲೆ ಇವನ ತಲೆ ಸರಿ ಇಲ್ಲ. ನನ್ನ ಹತ್ತಿರವೇ ಕೆಲಸ ಮಾಡೋನು. ಇಲ್ಲಿ ದರ ಹೇಳಲ್ಲ ಅಂತ ಬರೆದುಕೊಟ್ಟಿದ್ದಾನೆ. ನೋಡಿ. ಪಾಪ, ಬಿಟ್ಟುಬಿಡಿ."

ಅಧಿಕಾರಿ ಕಾಗದ ನೋಡಿದರು. ಮೇಸ್ತ್ರಿಯನ್ನು ನೋಡಿದರು. ಅವರಿಗೆ ಎಲ್ಲಾ ಗೊತ್ತಿತ್ತು ಅಂತ ಮೇಸ್ತ್ರಿಗೆ ಆಗ ಅನಿಸಿತು. ಇವತ್ತು ಗೊತ್ತಾದದ್ದಲ್ಲ.

"ವಿಷಯಕ್ಕೆ ಸಂಬಂಧವಿಲ್ಲದ ಮಾತು ಇಲ್ಲಿ ಬೇಡ" ಅಂದರು. ಎರಡೂ ಹಾಳೆಯ ಮೇಲೆ ಕೆಂಪು ಗೆರೆ ಎಳೆದರು. ಸುಳ್ಳಿನ ಮೇಲೂ ನಿಜದ ಮೇಲೂ ಒಂದೇ ಗೆರೆ.

ಮೇಸ್ತ್ರಿ ಹೊರಡಲಿಲ್ಲ. "ಸ್ವಾಮಿ, ಏಳನೇ ಹಾಸಿಗೆ ಪಕ್ಕದ ಗೋಡೆ ಒಂದಾದರೂ ಕೆರೆಸಿ. ನನ್ನ ಕೈಯಿಂದ ಬೇಡ. ಯಾರ ಕೈಯಿಂದ ಬೇಕಾದರೂ. ಹದಿನೇಳು ಕಡೆ ಟೊಳ್ಳಿದೆ. ರೋಗದವರ ಬಾಯಿಗೆ ಬೀಳುತ್ತೆ." ಮೇಜಿನ ಹತ್ತಿರ ಬಂದ. "ಮುಚ್ಚಿದ್ದು ನಾನೇ. ನಾನೇ ಹೇಳ್ತಿದ್ದೀನಿ."

ಗುಮಾಸ್ತ ಎದ್ದು ಬಾಗಿಲು ತೆರೆದು ಹಿಡಿದ.

ಮೆಟ್ಟಿಲ ಹತ್ತಿರ ಕಂಟ್ರಾಕ್ಟರ್ ಅವನ ಹೆಗಲ ಮೇಲೆ ಕೈ ಹಾಕಿದ. "ಆಯ್ತು ಬಿಡು. ಸೋಮವಾರ ಗುಂಪು ಕರ್ಕೊಂಡು ಬಾ. ಆ ಗೋಡೆ ನೀನೇ ಹೊಡಿ. ನಾನು ಮನಸ್ಸಲ್ಲಿ ಇಟ್ಕೊಳ್ಳಲ್ಲ." ಹೇಳಿ ನಕ್ಕ. ಹನ್ನೊಂದು ವರ್ಷದ ಹಿಂದಿನ ಅದೇ ನಗು. ಕಾಯುತ್ತಾ ನಿಂತ. ಈ ನಗೆಗೆ ಎದುರಿನವನೂ ನಗಬೇಕು, ಅಲ್ಲಿಗೆ ಎಲ್ಲಾ ಮುಗಿಯಿತು.

ಮೇಸ್ತ್ರಿ ಹೆಗಲ ಮೇಲಿನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟ.

"ಆಗಲ್ಲ" ಅಂದ.

ನಗಲಿಲ್ಲ.

ಅಂದಿನಿಂದ ಅವನಿಗೆ ಊರಿನಲ್ಲಿ ಕೆಲಸ ಹುಟ್ಟಲಿಲ್ಲ. ಅಂಗಡಿಯವನು ಬಣ್ಣದ ಡಬ್ಬ ಕೊಡಲು ಹಿಂದೆಮುಂದೆ ನೋಡಿದ. ಗುಂಪಿನವರು ಒಬ್ಬೊಬ್ಬರಾಗಿ ಬಂದು, ಬಾಗಿಲಲ್ಲೇ ನಿಂತು ಹೋದರು. ಅವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಏಣಿಯನ್ನು ಕಂಟ್ರಾಕ್ಟರ್ ಮೇಸ್ತ್ರಿ ಮಾಡಿದ. ಬಣ್ಣದ ಅಕ್ಷರದ ಲೆಟರ್‌ಹೆಡ್ ಅವನ ಹೆಸರಿನಲ್ಲಿ ಅಚ್ಚಾಯಿತು.

ಒಂದು ಭಾನುವಾರ ಬೆಳಿಗ್ಗೆ ಏಣಿ ಬಂದ. ಕೂರಲಿಲ್ಲ. ಅಂಗಿಯ ತೋಳಿನಲ್ಲಿ ತಿಳಿಹಸಿರು ಬಣ್ಣವಿತ್ತು.

"ವಾರ್ಡು ಮುಗೀತು ಭಾವ."

"ಹೂಂ."

"ಧೂಳು ಹೊಡೆಯೋಕೆ ಅಂತ ಪೊರಕೆ ಹಾಕಿದೆ. ಚಕ್ಕೆ ಎಲ್ಲಾ ಉದುರಿಬಿಡ್ತು." ತೋಳಿನ ಬಣ್ಣವನ್ನು ಉಗುರಿನಿಂದ ಕೆರೆದ. "ಅಕ್ಕನ ಸುತ್ತು ಕಾಣಿಸ್ತು ಭಾವ. ಸುಣ್ಣದ ಮೇಲೆ, ನಿನ್ನೆ ಹಾಕಿದ ಹಾಗೆ."

ಮೇಸ್ತ್ರಿ ತಲೆಯೆತ್ತಿದ. "ಎಷ್ಟು?"

"ಒಂಬತ್ತು."

"ಕೆಳಗೆ ಬಿಟ್ಟಿದ್ದಾಳಾ?"

"ಬಿಟ್ಟಿದ್ದಾಳೆ. ಬೆರಳಗಲ." ಏಣಿ ಗೋಡೆಗೆ ಒರಗಿದ. ಉದ್ದನೆಯ ಆಳು ಮಡಚಿದ ಏಣಿಯ ಹಾಗೆ ಕುಸಿದು ಕೂತ. "ಕಂಟ್ರಾಕ್ಟರ್ ಹಿಂದೇನೇ ನಿಂತಿದ್ದ. ಯಾಕೋ ನಿಂತೆ ಅಂದ. ನಾನು... ರೋಲರ್ ಎಳೆದುಬಿಟ್ಟೆ ಭಾವ. ಅಕ್ಕನ ಮೇಲೆ ಎಳೆದುಬಿಟ್ಟೆ."

ಮೇಸ್ತ್ರಿ ಅವನ ಪಕ್ಕ ಕೂತ. ಆ ರೋಲರಿನ ತೂಕ ಎಷ್ಟು ಅಂತ ಗೊತ್ತಿದ್ದವನು ಅವನು. ಏಣಿಯ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡ. ಇಬ್ಬರು ಗಂಡಸರು ನೆಲದ ಮೇಲೆ ಕೂತು ಸದ್ದಿಲ್ಲದೆ ಅತ್ತರು.

ಏಣಿ ಹೋದ ಮೇಲೆ ಮೇಸ್ತ್ರಿ ಹೆಂಡತಿಯ ಚೀಲ ತೆಗೆದ. ಸವೆದ ತಗಡು. ಹಿಡಿಗೆ ಅವಳು ಸುತ್ತಿದ ಬಟ್ಟೆ. ಅಡಿಯಲ್ಲಿ ಹಲ್ಲಿನಿಂದ ಕಚ್ಚಿ ಕಚ್ಚಿ ಗಿಡ್ಡವಾದ ಪೆನ್ಸಿಲು. ತಗಡನ್ನು ಅಲ್ಲೇ ಬಿಟ್ಟ. ಆಸ್ಪತ್ರೆಗೆ ತಗಡು ಒಯ್ದರೆ ಬಾಗಿಲಲ್ಲೇ ಕಿತ್ತುಕೊಳ್ಳುತ್ತಾರೆ. ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ.

ವಾರ್ಡಿಗೆ ರೋಗಿಗಳನ್ನು ಮತ್ತೆ ತಂದಿದ್ದರು. ಹೊಸ ಬಣ್ಣದ ವಾಸನೆ ಮೂಗಿಗೆ ಕಟ್ಟುತ್ತಿತ್ತು. ಅವನು ಮೂರು ದಿನ ಬರೀ ನೋಡಿ ಬಂದ. ಏಳನೇ ಹಾಸಿಗೆಯಲ್ಲಿ ಈಗ ಒಬ್ಬ ಮುದುಕಿ. ಜೀವಮಾನವಿಡೀ ಹೊಲಿಗೆ ಮಾಡಿದವಳು. ಬೆರಳ ತುದಿಯೆಲ್ಲ ಸೂಜಿಯ ತೂತು. ಅವಳಿಗೂ ಎದೆಯದೇ ಕಾಯಿಲೆ.

ನಾಲ್ಕನೇ ದಿನ ಅವಳೇ ಕೇಳಿದಳು. "ಏನಪ್ಪಾ, ದಿನಾ ಬರ್ತೀಯಲ್ಲ, ಯಾರನ್ನ ನೋಡೋಕೆ?"

"ಗೋಡೆ ನೋಡೋಕಮ್ಮ."

"ಅಯ್ಯೋ ಶಿವನೇ! ಹೆತ್ತ ಮಕ್ಕಳು ನನ್ನ ನೋಡೋಕೆ ಬರಲ್ಲ, ಗೋಡೆಗೆ ನೆಂಟರು!"

ಅವಳು ನಕ್ಕು ಕೆಮ್ಮಿದಳು. ಅವನು ನೀರು ಕೊಟ್ಟ. ಆಮೇಲೆ ಹಾಸಿಗೆಯ ಪಕ್ಕ ನಿಂತು, ಬೆರಳು ಮಡಚಿ, ಗೋಡೆ ತಟ್ಟಿದ. ಗಟ್ಟಿ. ಗಟ್ಟಿ. ಟೊಳ್ಳು. ಕಿವಿಯ ಮೇಲಿನ ಪೆನ್ಸಿಲು ತೆಗೆದು ಫಳಫಳ ಹೊಳೆಯುವ ತಿಳಿಹಸಿರಿನ ಮೇಲೆ ಒಂದು ಸುತ್ತು ಎಳೆದ. ಕೆಳಗೆ ಬೆರಳಗಲ ಬಿಟ್ಟ.

"ಏನಪ್ಪಾ ಅದು?"

"ಇಲ್ಲಿ ಗೋಡೆ ಸತ್ತಿದೆಯಮ್ಮ. ಮೇಲೆ ಬಣ್ಣ ಮಾತ್ರ ಹೊಸದು. ಇದರ ಅಡೀಲಿ ಸುತ್ತು ಹಾಕಿದ್ರೆ ಮುಚ್ಚಿಬಿಡ್ತಾರೆ. ಅದಕ್ಕೆ ಮೇಲೆ ಹಾಕ್ತಿದ್ದೀನಿ."

"ಯಾರು ಮುಚ್ಚಿದ್ದು?"

"ನಾನು. ನನ್ನ ಹೆಂಡ್ತಿ. ಅವಳ ತಮ್ಮ." ಎರಡನೆಯದು ಎಳೆದ. "ಮುಚ್ಚಿಸಿದವನು ಬೇರೆ."

ಮುದುಕಿ ಅವನು ತಟ್ಟುವ ಸದ್ದಿಗೆ ಕಿವಿಗೊಟ್ಟಳು. ಮೂರು. ನಾಲ್ಕು. ಪಕ್ಕದ ಹಾಸಿಗೆಯವರು ತಲೆ ಎತ್ತಿದರು. ಏಳು. ಎಂಟು. ಯಾರೋ ನರ್ಸನ್ನು ಕರೆದರು. ನರ್ಸು ಬಂದು, ಮೇಸ್ತ್ರಿಯ ಮುಖ ನೋಡಿ, ಗುರುತು ಹಿಡಿದು, ಬಾಗಿಲಲ್ಲೇ ನಿಂತುಬಿಟ್ಟಳು. ಅವನ ಕೈ ಅವಸರ ಮಾಡಲಿಲ್ಲ. ಹೆಂಡತಿ ಎಲ್ಲೆಲ್ಲಿ ಹಾಕಿದ್ದಳೋ ಆ ಜಾಗಗಳು ಗೆಣ್ಣಿನಡಿಯಲ್ಲಿ ಒಂದೊಂದಾಗಿ ಓಗೊಟ್ಟವು. ಹನ್ನೊಂದನೆಯದು ಎಳೆಯುವಾಗ ಕಾವಲುಗಾರನ ಕೈ ಅವನ ತೋಳನ್ನು ಹಿಡಿಯಿತು.

"ಏಯ್, ಹೊಸ ಬಣ್ಣ ಕೆಡಿಸ್ತೀಯಾ? ನಡಿ ಹೊರಗೆ!"

"ಇನ್ನೂ ಆರಿದೆ ಅಣ್ಣ. ಆರೇ ಆರು."

"ನಡಿ!"

ಎಳೆದ ರಭಸಕ್ಕೆ ಪೆನ್ಸಿಲು ಕೈಜಾರಿ ಮುದುಕಿಯ ಹೊದಿಕೆಯ ಮೇಲೆ ಬಿತ್ತು. ಕಾವಲುಗಾರ ಸುತ್ತಲೂ ನೋಡಿದ. ಮುದುಕಿ ಆಗಲೇ ಅದನ್ನು ದಿಂಬಿನಡಿಗೆ ತಳ್ಳಿ ಕಣ್ಣು ಮುಚ್ಚಿಕೊಂಡಿದ್ದಳು.

ಮೇಸ್ತ್ರಿಯನ್ನು ವಾರ್ಡಿನ ಹೊರಗಿನ ಓಣಿಯ ಉದ್ದಕ್ಕೂ ನಡೆಸಿಕೊಂಡು ಹೋದರು. ಆ ಓಣಿಯ ಗೋಡೆಯೂ ಅವನದೇ. ಎರಡೂ ಕಡೆ ಅವನದೇ. ಹೆಂಡತಿಯನ್ನು ಇದೇ ಓಣಿಯಲ್ಲಿ ಬಿಳಿ ಬಟ್ಟೆ ಹೊದಿಸಿ ತಂದಿದ್ದರು. ಅವನು ತಲೆ ತಗ್ಗಿಸಿ ನಡೆದ. ಮಾತು ಕೊಟ್ಟಿದ್ದು ಕೆರೆಯುತ್ತೇನೆ ಅಂತ. ಕೆರೆಯಲಾಗಲಿಲ್ಲ. ಸುತ್ತು ಹಾಕುವುದಾದರೂ ಪೂರ್ತಿ ಆಗಲಿಲ್ಲ. ದೇವರೇ, ಅವಳಿಗೆ ನೀನೇ ಹೇಳು ಅಂದುಕೊಂಡ.

ಆಗ ಹಿಂದಿನಿಂದ ಕೇಳಿಸಿತು. ಟಕ್ ಟಕ್. ನಿಧಾನ, ನಿಶ್ಶಕ್ತವಾದ ಗೆಣ್ಣು. ಟಕ್ ಟಕ್. ಗಟ್ಟಿ. ಗಟ್ಟಿ.

ಅವನ ಕಾಲು ನಿಂತುಬಿಟ್ಟಿತು. ಅವಳು ಹೋದಮೇಲಿನ ತಿಂಗಳುಗಳೆಲ್ಲ ಹಿಂದಕ್ಕೆ ಸರಿದು ನಿಂತವು.

ಟೊಳ್ಳು.

ಸದ್ದು ಅಲ್ಲಿ ಒಂದು ಗಳಿಗೆ ತಡೆಯಿತು, ಯಾರೋ ಸುತ್ತು ಹಾಕುವಷ್ಟು ಹೊತ್ತು. ಆಮೇಲೆ ಮತ್ತೆ ಮುಂದುವರಿಯಿತು.